ಸೆಂಟ್‌ಒಎಸ್ 6ರ ಪ್ರೋಗ್ರಾಂ, ಹೊಸ ಕರ್ನಲ್: ಮೂರು ದಾರಿಗಳ ಹೋಲಿಕೆ

ಸೆಂಟ್‌ಒಎಸ್ 6 ಎಂಬ ಹಳೆಯ ಲಿನಕ್ಸ್ ವ್ಯವಸ್ಥೆಯಲ್ಲಿ ಕಂಪೈಲ್ ಆಗಿದ್ದ, ಮೂಲ ಕೋಡ್ ಎಂದೋ ಕಳೆದುಹೋಗಿದ್ದ ವರದಿ ತಯಾರಿಸುವ ಪ್ರೋಗ್ರಾಂ ಒಂದನ್ನು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಇರುವ ಸರ್ವರಿನಲ್ಲಿ, ಸೆಂಟ್‌ಒಎಸ್ 6ರ ಫೈಲುಗಳನ್ನೇ ತುಂಬಿಟ್ಟ ಡಾಕರ್ ಕಂಟೇನರಿಗೆ (ಸರ್ವರಿನೊಳಗಿನ ಪ್ರತ್ಯೇಕ ಆವರಣಕ್ಕೆ) ಸ್ಥಳಾಂತರಿಸಿದಾಗ, ಅದು ಒಂದು ಸಾಲನ್ನೂ ಮುದ್ರಿಸದೆ 139 ಎಂಬ ಸಂಕೇತ ಕೊಟ್ಟು ನಿಂತುಹೋಯಿತು. 128ಕ್ಕೆ 11 ಕೂಡಿದರೆ 139. ಆ 11 ಸೆಗ್ಮೆಂಟೇಶನ್ ಫಾಲ್ಟ್‌ನ, ಅಂದರೆ ಮುಟ್ಟಬಾರದ ಮೆಮೊರಿಯನ್ನು ಪ್ರೋಗ್ರಾಂ ಮುಟ್ಟಿದ ದೋಷದ ಸಂಖ್ಯೆ. ಪ್ರೋಗ್ರಾಮನ್ನೇ ದೂರುತ್ತ ಅರ್ಧ ದಿನ ಕಳೆದ ಮೇಲೆ, ಅದೇ ಕಂಟೇನರಿನಲ್ಲಿ ಆಜ್ಞೆಗಳನ್ನು ನಡೆಸುವ ಬ್ಯಾಶ್ ಕೂಡ ಹಾಗೆಯೇ ಬೀಳುತ್ತಿರುವುದು ಗಮನಕ್ಕೆ ಬಂತು.

ಸೆಂಟ್‌ಒಎಸ್ 6ರ ಗ್ಲಿಬ್‌ಸಿ 2.12 (ಬಹುತೇಕ ಪ್ರೋಗ್ರಾಮುಗಳು ಬಳಸುವ ಮೂಲ ಲೈಬ್ರರಿ) ಸಮಯವನ್ನು ತಿಳಿಯಲು ವಿಸಿಸ್‌ಕಾಲ್ ಎಂಬ, ಮೆಮೊರಿಯಲ್ಲಿ ಸ್ಥಿರ ವಿಳಾಸವಿರುವ ಪುಟಕ್ಕೆ ಹೋಗುತ್ತದೆ. ವಿಳಾಸ ಬದಲಾಗದಿರುವುದು ದಾಳಿ ಮಾಡುವವರಿಗೂ ಅನುಕೂಲವಾದ್ದರಿಂದ ಡೆಬಿಯನ್ 9ರಿಂದೀಚೆಗೆ ಅದರ ತಿರುಳಾದ ಕರ್ನಲ್ ಆ ಬಾಗಿಲನ್ನು ಮುಚ್ಚಿಟ್ಟಿದೆ. ಕಂಟೇನರಿಗೆ ಸ್ವಂತ ಕರ್ನಲ್ ಇಲ್ಲದಿರುವುದರಿಂದ, ಒಳಗೆ ಎಷ್ಟೇ ಹಳೆಯ ವ್ಯವಸ್ಥೆ ಇದ್ದರೂ ನಡೆಯುವುದು ಹೋಸ್ಟ್‌ನ, ಅಂದರೆ ಅದನ್ನು ಓಡಿಸುವ ಸರ್ವರಿನ ನಿಯಮವೇ.

ಮೊದಲು ಹೋಸ್ಟ್‌ನ ಬೂಟ್ ಸಾಲಿಗೆ (ಆರಂಭವಾಗುವಾಗ ಕರ್ನಲ್ ಓದುವ ಆಯ್ಕೆಗಳ ಸಾಲಿಗೆ) ಆ ಪುಟವನ್ನು ಅನುಕರಿಸುವಂತೆ ಹೇಳುವ ‘ವಿಸಿಸ್‌ಕಾಲ್=ಎಮ್ಯುಲೇಟ್’ ಸೇರಿಸಿ ಮರುಪ್ರಾರಂಭಿಸಿದೆ. ಪ್ರೋಗ್ರಾಂ ಕೂಡಲೇ ಓಡಿತು. ರೋಗ ಯಾವುದೆಂದು ಖಚಿತಪಡಿಸಿಕೊಳ್ಳಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಆದರೆ ಒಂದು ಮುದಿ ಪ್ರೋಗ್ರಾಮಿಗಾಗಿ ಆ ಸರ್ವರಿನ ಎಲ್ಲ ಕಂಟೇನರುಗಳ ರಕ್ಷಣೆಯನ್ನೂ ಸಡಿಲಿಸುವುದು ನನಗೆ ಒಪ್ಪಿಗೆಯಾಗದೆ, ಸಂಜೆಯೇ ಆ ಸಾಲನ್ನು ತೆಗೆದುಹಾಕಿದೆ.

ಎರಡನೆಯದಾಗಿ, ಹಳೆಯ ಕಂಟೇನರನ್ನು ಬಿಟ್ಟು ಪ್ರೋಗ್ರಾಂ ಫೈಲನ್ನು ಮಾತ್ರ ಡೆಬಿಯನ್‌ಗೆ ತಂದೆ. ಹೊಸ ಗ್ಲಿಬ್‌ಸಿ ಹಳೆಯ ಪ್ರೋಗ್ರಾಮುಗಳನ್ನು ಓಡಿಸಬಲ್ಲದು, ವಿಸಿಸ್‌ಕಾಲ್ ಪುಟದ ಹಂಗೂ ಅದಕ್ಕಿಲ್ಲ. ಕೊರತೆಯಾದದ್ದು ಗೂಢಲಿಪೀಕರಣಕ್ಕೆ ಬಳಸುವ ಹಳೆಯ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗಳು. ಅವನ್ನು ಬೇರೊಂದು ಡೈರೆಕ್ಟರಿಗೆ ನಕಲು ಮಾಡುವಾಗ ಹಳೆಯ ಗ್ಲಿಬ್‌ಸಿಯನ್ನೂ ಜೊತೆಗೆ ತಂದುಬಿಟ್ಟೆ. ಗ್ಲಿಬ್‌ಸಿಯ ಲೋಡರ್ (ಪ್ರೋಗ್ರಾಮನ್ನು ಮೆಮೊರಿಗೆ ತುಂಬುವ ಭಾಗ) ಮತ್ತು ಲೈಬ್ರರಿ ಒಂದೇ ಆವೃತ್ತಿಯವಾಗಿರಬೇಕಾದ್ದರಿಂದ ಪ್ರೋಗ್ರಾಂ ಮತ್ತೆ ಬಿತ್ತು. ಗ್ಲಿಬ್‌ಸಿಗೆ ಸೇರಿದ ಫೈಲುಗಳನ್ನು ಅಳಿಸಿದ ಮೇಲೆ ವರದಿ ಸರಿಯಾಗಿ ಬಂತು. ಇದರ ಜೊತೆಗಿದ್ದ ಇನ್ನೊಂದು ಸಣ್ಣ ಉಪಕರಣ ಮಾತ್ರ ಸ್ಟ್ಯಾಟಿಕ್ ಆಗಿ ಲಿಂಕ್ ಆಗಿತ್ತು. ಹಳೆಯ ಗ್ಲಿಬ್‌ಸಿ ಅದರ ಹೊಟ್ಟೆಯೊಳಗೇ ಇದ್ದುದರಿಂದ ಈ ದಾರಿ ಅದಕ್ಕೆ ಮುಚ್ಚಿಹೋಯಿತು.

ಅದಕ್ಕಾಗಿ ಮೂರನೆಯ ದಾರಿಯಾಗಿ, ಕೆವಿಎಂ ಬಳಸಿ ಮಾಡಿದ ವರ್ಚುವಲ್ ಯಂತ್ರದಲ್ಲಿ ಸೆಂಟ್‌ಒಎಸ್ 6ನ್ನೇ ಸ್ಥಾಪಿಸಿದೆ. ಆ ಅತಿಥಿ ವ್ಯವಸ್ಥೆಗೆ ತನ್ನದೇ 2.6.32 ಕರ್ನಲ್ ಇರುವುದರಿಂದ ಹೋಸ್ಟ್‌ನ ನಿಯಮ ಅಲ್ಲಿಗೆ ತಾಗುವುದಿಲ್ಲ. ಒಂದು ಜಿಬಿ ಮೆಮೊರಿ ಅದಕ್ಕೇ ಮೀಸಲಾಯಿತು. 2020ರ ನವೆಂಬರ್‌ಗೆ ಅಪ್‌ಡೇಟ್‌ಗಳು ನಿಂತ ವ್ಯವಸ್ಥೆಯಾದ್ದರಿಂದ ಹೊರ ಜಾಲದ ಸಂಪರ್ಕವನ್ನು ಕೊಟ್ಟಿಲ್ಲ. ಮುಂದೆ ಇಂಥದ್ದೇ ಬಂದರೆ ಎರಡನೆಯ ದಾರಿಯಿಂದ ಆರಂಭಿಸುತ್ತೇನೆ, ಆದರೆ ಅದಕ್ಕೂ ಮೊದಲು ‘ಫೈಲ್’ ಆಜ್ಞೆ ಕೊಟ್ಟು ಲಿಂಕ್ ಬಗೆಯನ್ನು ನೋಡುತ್ತೇನೆ.