ಹಳೇ ಬಿ450 ಬೋರ್ಡಿಗೆ 4060, ಬಿ580, 9060 ಎಕ್ಸ್‌ಟಿ ಮೂರೂ ಹಾಕಿ ನೋಡ್ದೆ

ಮೊದಲೇ ಹೇಳ್ಬಿಡ್ತೀನಿ, ಹಳೇ ಪಿಸಿಗೆ ಗೇಮ್ ಆಡೋಕೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕೋದಾದ್ರೆ, ಈ ಮೂರರಲ್ಲಿ ನನ್ನ ವೋಟು ಎಎಂಡಿ ಆರ್‌ಎಕ್ಸ್ 9060 ಎಕ್ಸ್‌ಟಿಗೆ, ಅದ್ರಲ್ಲೂ 16 ಜಿಬಿ ಮೆಮೊರಿ ಇರೋದಕ್ಕೆ ಮಾತ್ರ. ಅದೇ ಹೆಸರಲ್ಲಿ 8 ಜಿಬಿದೂ ಬರುತ್ತೆ, ಅಂಗಡೀಲಿ ಕೇಳಿದ್ರೆ "ಅದೇ ಕಾರ್ಡ್ ಸಾರ್, ರೇಟು ಕಮ್ಮಿ" ಅಂತ ಅದನ್ನೇ ಮುಂದೆ ಇಡ್ತಾರೆ, ಖಂಡಿತಾ ಬೇಡ. ಯಾಕೆ ಬೇಡ ಅನ್ನೋದೇ ಈ ಬರಹದ ಮುಕ್ಕಾಲು ಭಾಗ.

ನನ್ನ ಸಿಸ್ಟಮ್ ಅಂದ್ರೆ ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 550 ವ್ಯಾಟ್ ಪವರ್ ಸಪ್ಲೈ. ಲಾಕ್‌ಡೌನ್ ಟೈಮಲ್ಲಿ ಪಿಸಿ ಜೋಡಿಸಿದವರ ಮನೇಲಿ ಹೆಚ್ಚುಕಮ್ಮಿ ಇದೇ ಸೆಟ್ ಇರುತ್ತೆ, ಎಲ್ಲರ ಪ್ರಶ್ನೇನೂ ಒಂದೇ, ಕಾರ್ಡ್ ಒಂದು ಬದಲಾಯಿಸಿದ್ರೆ ಸಾಕಾ ಅಂತ. ಆದ್ರೆ ಯೂಟ್ಯೂಬಲ್ಲಿ ನೋಡೋ ಟೆಸ್ಟೆಲ್ಲ 9800ಎಕ್ಸ್3ಡಿ ಥರದ ದೊಡ್ಡ ಪ್ರೊಸೆಸರ್ ಇಟ್ಕೊಂಡು ಮಾಡಿರ್ತಾರೆ, ಕಾರ್ಡ್ ಕಾರ್ಡಿಗೆ ಹೋಲಿಸೋಕೆ ಅದು ಸರಿನೇ, ಆದ್ರೆ ಆ ನಂಬರ್ ನಮ್ಮ ಹಳೇ ಬೋರ್ಡಲ್ಲಿ ಬರಲ್ಲ. ಅದಕ್ಕೇ ಇದನ್ನ ಬರೀತಿರೋದು.

ಮೊದಲು ನನ್ನ ಹತ್ರ ಇದ್ದಿದ್ದು ಎನ್ವಿಡಿಯಾದ ಆರ್‌ಟಿಎಕ್ಸ್ 4060. ಒಳ್ಳೇ ಕಾರ್ಡ್, 115 ವ್ಯಾಟಲ್ಲಿ ಕೆಲಸ ಮುಗಿಸುತ್ತೆ, ಫ್ಯಾನ್ ಸದ್ದು ಕೇಳಲ್ಲ, ಬೇಸಿಗೇಲೂ ತಣ್ಣಗಿರುತ್ತೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಆಡೋವಾಗ ಒಂದು ತಕರಾರೂ ಇಲ್ಲ. ತೊಂದರೆ ಶುರುವಾಗಿದ್ದು ಹೊಗ್ವಾರ್ಟ್ಸ್ ಲೆಗಸಿ ಥರದ ದೊಡ್ಡ ಗೇಮ್ ಹಾಕಿ ಟೆಕ್ಸ್ಚರ್ (ಗೋಡೆ, ಬಟ್ಟೆ ಮೇಲೆ ಕಾಣೋ ವಿವರದ ಚಿತ್ರ) ಅಲ್ಟ್ರಾಗೆ ಇಟ್ಟಾಗ. ಮೊದಲ ಅರ್ಧ ಗಂಟೆ ಬೆಣ್ಣೆ, ಆಮೇಲೆ ಹೊಸ ಜಾಗಕ್ಕೆ ಕಾಲಿಟ್ಟ ತಕ್ಷಣ ಗಕ್ಕಂತ ನಿಲ್ಲುತ್ತೆ, ಮತ್ತೆ ಓಡುತ್ತೆ, ತಿರುಗಿದ್ರೆ ಮತ್ತೆ ಗಕ್ಕ್. ಮೂಲೇಲಿರೋ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು) ಮೀಟರ್ ನೋಡಿದ್ರೆ ಆವರೇಜ್ ಆರಾಮಾಗೇ ಇದೆ, ಕಣ್ಣಿಗೆ ಮಾತ್ರ ಹಿಂಸೆ. ಡ್ರೈವರ್ ಪೂರ್ತಿ ತೆಗೆದು ಹಾಕ್ದೆ, ಗೇಮ್‌ನ ಎಸ್‌ಎಸ್‌ಡಿಗೆ ತಂದೆ, ರ‍್ಯಾಮ್ ಎಕ್ಸ್‌ಎಂಪಿ (ಪೂರ್ತಿ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್) ನೋಡ್ದೆ, ಯಾವುದಕ್ಕೂ ಬಗ್ಗಲಿಲ್ಲ.

ಕಾರಣ ಏನಪ್ಪಾ ಅಂದ್ರೆ ಎರಡು ವಿಷಯ ಒಟ್ಟಿಗೆ ಸೇರ್ಕೊಂಡಿದ್ದು. ಒಂದು, 8 ಜಿಬಿ ವಿರ‍್ಯಾಮ್ (ಅಂದ್ರೆ ಕಾರ್ಡಿನ ಸ್ವಂತ ಮೆಮೊರಿ) ತುಂಬಿ ಹೋಗ್ತಿತ್ತು. ತುಂಬಿದ ಮೇಲೆ ಉಳಿದ ಟೆಕ್ಸ್ಚರ್ ಎಲ್ಲ ಸಿಸ್ಟಮ್ ರ‍್ಯಾಮಲ್ಲಿ ಕೂರುತ್ತೆ, ಬೇಕಾದಾಗೆಲ್ಲ ಪಿಸಿಐಇ ಸ್ಲಾಟ್ (ಬೋರ್ಡಲ್ಲಿ ಕಾರ್ಡ್ ಕೂರೋ ಜಾಗ) ಮೂಲಕ ಎಳ್ಕೊಂಡು ಬರ್ಬೇಕು. ಎರಡನೇದು ಯಾರೂ ಅಂಗಡೀಲಿ ಹೇಳಲ್ಲ: 4060 ಕಾರ್ಡ್ ಸ್ಲಾಟಿನ ಪೂರ್ತಿ ಉದ್ದಕ್ಕೆ ಕೂತ್ರೂ ಅದು ಬಳಸೋದು 16 ಲೇನಲ್ಲಿ (ಡೇಟಾ ಓಡಾಡೋ ದಾರಿ) ಬರೀ 8. ಪಿಸಿಐಇ 4.0 ಬೋರ್ಡಾದ್ರೆ 8 ಲೇನಲ್ಲೇ ಸೆಕೆಂಡಿಗೆ ಸುಮಾರು 16 ಜಿಬಿ ಹೋಗುತ್ತೆ, ಅಷ್ಟು ಗೊತ್ತಾಗಲ್ಲ. ಬಿ450 ಇರೋದು 3.0, ಅಲ್ಲಿ ಅದು ಅರ್ಧಕ್ಕೆ, ಅಂದ್ರೆ 8 ಜಿಬಿಗೆ ಇಳಿಯುತ್ತೆ. ಕಾರ್ಡಿನ ಸ್ವಂತ ಮೆಮೊರಿ ಓಡೋದು 272 ಜಿಬಿ ಸ್ಪೀಡಲ್ಲಿ, ಹೊರಗಿಂದ ಬರೋದು 8ರಲ್ಲಿ. ಹೈವೇಲಿ ನೂರರಲ್ಲಿ ಬಂದ ಗಾಡಿಗಳೆಲ್ಲ ಶಿರಾಡಿ ಘಾಟಲ್ಲಿ ಲಾರಿ ಹಿಂದೆ ಸಾಲಾಗಿ ನಿಂತಂಗೆ. ಆವರೇಜ್ ಚೆನ್ನಾಗಿದ್ದೂ ಮಧ್ಯಮಧ್ಯ ಗಕ್ಕಂತ ನಿಲ್ಲೋದು ಇದಕ್ಕೇ, ಚಾರ್ಟಲ್ಲಿ ಆವರೇಜ್ ನೋಡ್ಬೇಡಿ, 1% ಲೋ (ಅತಿ ನಿಧಾನದ 1% ಫ್ರೇಮ್‌ಗಳ ಎಫ್‌ಪಿಎಸ್) ಅಂತ ಇರುತ್ತಲ್ಲ ಅದನ್ನ ನೋಡಿ.

ಟೆಕ್ಸ್ಚರ್ ಮೀಡಿಯಮ್‌ಗೆ ಇಳಿಸಿದ್ರೆ ಸಮಸ್ಯೆ ಹೋಗುತ್ತೆ, ಅದು ನಿಜ. ಆದ್ರೆ ಟೆಕ್ಸ್ಚರ್ ಅನ್ನೋದು ವಿರ‍್ಯಾಮ್ ಇದ್ರೆ ಹೆಚ್ಚುಕಮ್ಮಿ ಪುಕ್ಕಟೆ ಸಿಗೋ ಚಂದ, ಎಫ್‌ಪಿಎಸ್ ಬೀಳಲ್ಲ, ಗೋಡೆ, ಬಟ್ಟೆ, ಮುಖ ಎಲ್ಲ ಚೆನ್ನಾಗಿ ಕಾಣೋದು ಅದ್ರಿಂದಾನೇ. ಅದನ್ನೇ ಬಿಟ್ಕೊಡು ಅಂದ್ರೆ ನನಗೆ ಒಪ್ಪಿಗೆ ಇಲ್ಲ. ಫ್ರೇಮ್ ಜನರೇಷನ್ (ಮಧ್ಯಮಧ್ಯ ಫ್ರೇಮ್ ಸೃಷ್ಟಿಸಿ ಸೇರಿಸೋದು) ಆನ್ ಮಾಡಿ ಅಂತಾರೆ ಕೆಲವರು, ಅದೂ ವಿರ‍್ಯಾಮ್ ತಿನ್ನುತ್ತೆ, ಮೊದಲೇ ತುಂಬಿರೋ ಕಡೆ ಅದು ಇನ್ನೂ ಕಷ್ಟ.

ಇಂಟೆಲ್ ಆರ್ಕ್ ಬಿ580 ಸಿಕ್ಕಿದ್ದು ಚಿಕ್ಕಪ್ಪನ ಮಗನ ಹತ್ರ, ಅವನ ಪಿಸಿಯಿಂದ ಬಿಚ್ಚಿ ತಂದು ಹಾಕಿ ನೋಡ್ದೆ. 12 ಜಿಬಿ ಮೆಮೊರಿ, 192 ಬಿಟ್ ಅಗಲದ ಮೆಮೊರಿ ದಾರಿ, 249 ಡಾಲರ್‌ಗೆ ಬಿಟ್ಟ ಕಾರ್ಡು, ಪೇಪರ್ ಮೇಲೆ ದುಡ್ಡಿಗೆ ಇದನ್ನ ಮೀರಿಸೋದಿಲ್ಲ. ಇದಕ್ಕೆ ರೀಸೈಜಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡಿನ ಮೆಮೊರಿ ಪೂರ್ತಿ ಒಟ್ಟಿಗೆ ಸಿಗೋ ಹಾಗೆ ಮಾಡೋ ಸೆಟ್ಟಿಂಗ್) ಆನ್ ಇರ್ಲೇಬೇಕು, ಇಲ್ದಿದ್ರೆ ಪರ್ಫಾರ್ಮೆನ್ಸ್ ದಬ್ಬ್ ಅಂತ ಬೀಳುತ್ತೆ. ಹಳೇ ಬೋರ್ಡಲ್ಲಿ ಅದಕ್ಕೆ ಬಯಾಸ್ (ಬೋರ್ಡಿನ ಸ್ವಂತ ಸಾಫ್ಟ್‌ವೇರ್) ಅಪ್ಡೇಟ್ ಮಾಡ್ಬೇಕು, ಅದ್ರೊಳಗೆ ಅಬೋವ್ 4ಜಿ ಡಿಕೋಡಿಂಗ್ ಆನ್ ಮಾಡ್ಬೇಕು, ಸಿಎಸ್‌ಎಂ (ಹಳೇ ಥರದ ಬೂಟ್ ಸೆಟ್ಟಿಂಗ್) ಆಫ್ ಮಾಡ್ಬೇಕು, ವಿಂಡೋಸ್ ಹಳೇ ಎಂಬಿಆರ್ ಮಾದರಿ ಡಿಸ್ಕಲ್ಲಿ ಇದ್ರೆ ಸಿಎಸ್‌ಎಂ ಆಫ್ ಮಾಡಿದ ಮೇಲೆ ಬೂಟೇ ಆಗಲ್ಲ, ಮೊದಲೇ ಡಿಸ್ಕನ್ನ ಜಿಪಿಟಿ ಮಾದರಿಗೆ ಬದಲಾಯಿಸ್ಕೊಂಡಿರ್ಬೇಕು. ಬ್ಯಾಕಪ್ ಇಲ್ದೆ ಈ ಕೆಲಸಕ್ಕೆ ಕೈ ಹಾಕ್ಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ 3600 ಜೊತೆ ಅದು ಪೂರ್ತಿ ಓಡಲ್ಲ. ಈ ಕಾರ್ಡಿನ ಡ್ರೈವರ್ ಪ್ರೊಸೆಸರ್ ಮೇಲೆ ಜಾಸ್ತಿ ಭಾರ ಹಾಕುತ್ತೆ ಅಂತ 2025ರ ಜನವರಿಯಲ್ಲೇ ಟೆಸ್ಟ್ ಮಾಡೋರು ತೋರಿಸಿದ್ರು, ನಾನು ನೋಡಿದ್ದೂ ಅದೇ, ಸಿಟಿ ಒಳಗೆ ಜನ, ಗಾಡಿ ಜಾಸ್ತಿ ಇರೋ ಕಡೆ ಎಫ್‌ಪಿಎಸ್ ಕುಸಿಯುತ್ತೆ, ಸೆಟ್ಟಿಂಗ್ ಕಮ್ಮಿ ಮಾಡಿದ್ರೂ ಏರಲ್ಲ. ಅದೇ ಕಾರ್ಡ್ ಚಿಕ್ಕಪ್ಪನ ಮಗನ ರೈಜನ್ 5 7600ರಲ್ಲಿ ಭರ್ಜರಿ. ಹೊಸದಾಗಿ ಪೂರ್ತಿ ಪಿಸಿ ಕಟ್ಟಿಸೋರು, ಬಜೆಟ್ ಟೈಟ್ ಇರೋರು ಕಣ್ಮುಚ್ಚಿ ತಗೊಳ್ಳಿ. ಅಪ್‌ಗ್ರೇಡ್ ಮಾಡೋರಿಗಲ್ಲ.

ಕೊನೆಗೆ 9060 ಎಕ್ಸ್‌ಟಿ. ಇದು 16 ಲೇನೂ ಬಳಸುತ್ತೆ, ಹಾಗಾಗಿ ಹಳೇ 3.0 ಸ್ಲಾಟಲ್ಲೂ ಸೆಕೆಂಡಿಗೆ 16 ಜಿಬಿ ಹೋಗೋ ದಾರಿ ಸಿಗುತ್ತೆ, ಅದಕ್ಕಿಂತ ಮುಖ್ಯ, 16 ಜಿಬಿ ವಿರ‍್ಯಾಮ್ ಇರೋದ್ರಿಂದ ಆ ದಾರಿ ಹಿಡಿಯೋ ಪ್ರಸಂಗಾನೇ ಅಪರೂಪ. ಅದೇ ಗೇಮ್, ಅದೇ ಜಾಗ, ಟೆಕ್ಸ್ಚರ್ ಅಲ್ಟ್ರಾ, ಗಕ್ಕ್ ಅನ್ನೋದು ಹೋಯ್ತು. ಆವರೇಜ್ ಎಫ್‌ಪಿಎಸ್ ನನ್ನ ಪ್ರೊಸೆಸರ್‌ಗೆ ಆಕಾಶಕ್ಕೇನೂ ಹೋಗ್ಲಿಲ್ಲ, 1080ಪಿಲಿ ಕೆಲವು ಗೇಮಲ್ಲಿ 4060ಕ್ಕೂ ಇದಕ್ಕೂ ವ್ಯತ್ಯಾಸ ಕಮ್ಮೀನೇ, ಆದ್ರೆ ಆಡೋ ಅನುಭವ ಬೇರೇನೇ. 1440ಪಿ ಮಾನಿಟರ್ ಹಾಕಿದ್ರೆ ಕೆಲಸ ಕಾರ್ಡಿನ ಮೇಲೆ ಬೀಳುತ್ತೆ, ಅಲ್ಲಿ ಅಂತರ ಚೆನ್ನಾಗಿ ಕಾಣುತ್ತೆ.

ಎಫ್‌ಎಸ್‌ಆರ್ 4 (ಕಮ್ಮಿ ರೆಸಲ್ಯೂಶನ್ ಚಿತ್ರನ ದೊಡ್ಡದು ಮಾಡಿ ತೋರಿಸೋ ಎಎಂಡಿ ತಂತ್ರ) ಚಿತ್ರ ಈಗ ನಿಜವಾಗ್ಲೂ ಚೆನ್ನಾಗಿದೆ, ಹಳೇ ಎಫ್‌ಎಸ್‌ಆರ್ ನೋಡಿ ಬೇಜಾರಾದವರು ಇನ್ನೊಂದ್ಸಲ ನೋಡಿ. ಆದ್ರೂ ಗೇಮ್‌ಗಳ ಸಂಖ್ಯೆ ಎನ್ವಿಡಿಯಾದ ಅದೇ ಥರದ ಡಿಎಲ್‌ಎಸ್‌ಎಸ್‌ಗೇ ಜಾಸ್ತಿ.

ಬ್ಲೆಂಡರ್ ಥರದ 3ಡಿ ಸಾಫ್ಟ್‌ವೇರ್, ಕುಡಾ (ಎನ್ವಿಡಿಯಾ ಕಾರ್ಡಿಗೇ ಮಾಡಿರೋದು) ಬೇಡೋ ಸಾಫ್ಟ್‌ವೇರ್ ಮೇಲೆ ಹೊಟ್ಟೆಪಾಡು ಇದ್ರೆ ಎನ್ವಿಡಿಯಾನೇ ತಗೊಳ್ಳಿ, ವಾದ ಬೇಡ. ಹಾಗಂತ 5060 ನೋಡೋಕೆ ಹೋದ್ರೆ ಅದೂ 8 ಜಿಬಿ, 8 ಲೇನು. 5060 ಟಿಐ 16 ಜಿಬಿ ಚೆನ್ನಾಗಿದೆ, ಬಿಡುಗಡೆ ರೇಟಲ್ಲೇ 9060 ಎಕ್ಸ್‌ಟಿಗಿಂತ 80 ಡಾಲರ್ ಜಾಸ್ತಿ, ನನ್ನ ಕೈಗೆ ಎಟುಕಲ್ಲ.

ಕರೆಂಟಿನ ವಿಷ್ಯ: ಸಾಮಾನ್ಯ 600 ವಿಎ ಯುಪಿಎಸ್ ತಡ್ಕೊಳ್ಳೋದು 360 ವ್ಯಾಟ್. 9060 ಎಕ್ಸ್‌ಟಿ 16 ಜಿಬಿಗೆ 160 ವ್ಯಾಟ್, ಬಿ580ಗೆ 190. ನಮ್ಮೂರ ಕಡೆ ಸಂಜೆ ಕರೆಂಟ್ ಹೋಗೋ ಹೊತ್ತಿಗೆ ಗೇಮ್ ಮಧ್ಯೆ ಇರ್ತೀನಿ, ಮಾನಿಟರೂ ಅದರ ಮೇಲೇ ಇದೆ, ಸೇವ್ ಮಾಡಿ ಆಫ್ ಮಾಡೋಕೆ ಟೈಮ್ ಸಿಗ್ಬೇಕು. ಈ ವಿಷ್ಯದಲ್ಲಿ 4060 ರಾಜ, 9060 ಪರವಾಗಿಲ್ಲ.

ರೇಟು. 9060 ಎಕ್ಸ್‌ಟಿ 16 ಜಿಬಿ 2025ರ ಜೂನಲ್ಲಿ ಬಂದಾಗ 349 ಡಾಲರ್, ಆಗಿನ ಡಾಲರ್ ರೇಟಲ್ಲಿ ರೂಪಾಯಿಗೆ ತಿರುಗಿಸಿ 18% ಜಿಎಸ್‌ಟಿ ಹಾಕಿದ್ರೆ 35 ಸಾವಿರದ ಆಸುಪಾಸು ಬರ್ತಿತ್ತು. ಅಂಗಡಿಯವರು ಹೇಳೋ ರೇಟು ನ್ಯಾಯನಾ ಅಂತ ನೋಡೋಕೆ ಈ ಲೆಕ್ಕ ಸಾಕು. 2025ರ ಕೊನೆಯಿಂದ ಮೆಮೊರಿ ಚಿಪ್ ರೇಟು ಏರಿದೆ, ಹಾಗಾಗಿ ಹಳೇ ರೇಟು ಹಿಡ್ಕೊಂಡು ಜಗಳ ಆಡೋಕೂ ಆಗಲ್ಲ. ನಾನು 4060 ಮಾರಿ ಬಂದ ದುಡ್ಡಿಗೆ ಮೇಲೆ ಸ್ವಲ್ಪ ಸೇರಿಸ್ದೆ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ನಾಲ್ಕೈದು ಅಂಗಡಿ ಸುತ್ತಿದ್ರೆ ಆನ್‌ಲೈನ್ ರೇಟಿಗೆ ಹತ್ರ ಹತ್ರ ಕೊಡ್ತಾರೆ, ಕ್ಯಾಶ್‌ಗೆ ಬಿಲ್ ಇಲ್ದೆ ಕಮ್ಮಿಗೆ ಕೊಡ್ತೀನಿ ಅಂದ್ರೆ ಮಾತ್ರ ಬೇಡ. ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ಡಬ್ಬದ ಮೇಲೆ 16 ಜಿಬಿ ಅಂತ ಇದೆಯಾ ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ.