ಮರ್ಲಿನ್ ಆ್ಯಪ್: ಮನೆಯ ಸುತ್ತಲಿನ ಹಕ್ಕಿಗಳಿಗೊಂದು ಕೈಪಿಡಿ

ಹಕ್ಕಿ ನೋಡಲೆಂದೇ ರಂಗನತಿಟ್ಟಿಗೋ ದಾಂಡೇಲಿಗೋ ಹೋಗಲು ಬಿಡುವಿಲ್ಲದಿದ್ದರೂ, ಬಟ್ಟೆ ಒಣಹಾಕುವಾಗ ಅಥವಾ ಬಸ್ಸಿಗೆ ಕಾಯುವಾಗ ಕಿವಿಗೆ ಬಿದ್ದ ದನಿ ಯಾವುದೆಂದು ತಿಳಿಯುವ ಕುತೂಹಲವುಳ್ಳವರಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ರೂಪಿಸಿದ ‘ಮರ್ಲಿನ್ ಬರ್ಡ್ ಐಡಿ’ ಆ್ಯಪನ್ನು ಧಾರಾಳವಾಗಿ ಶಿಫಾರಸು ಮಾಡಬಹುದು. ಇದು ಉಚಿತ. ನಮ್ಮ ಪ್ರದೇಶದ ಹಕ್ಕಿಗಳ ಮಾಹಿತಿಯನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಸಿಗದ ತೋಟದಲ್ಲೂ ಕೆಲಸ ಮಾಡುತ್ತದೆ.

ದನಿ ಗುರುತಿಸುವ ಸೌಲಭ್ಯ 2021ರಲ್ಲಿ ಸೇರಿತು. ಆ್ಯಪಿನ ಜೀವಾಳ ಅದೇ. ಫೋನು ಕೇಳಿಸಿಕೊಂಡ ಸದ್ದನ್ನು ಚಿತ್ರವಾಗಿ ಬದಲಿಸಿ, ತಾನು ಕಲಿತ ಧ್ವನಿಮುದ್ರಣಗಳ ಮಾದರಿಯೊಡನೆ ತಾಳೆ ನೋಡಿ, ಹಕ್ಕಿಯ ಹೆಸರನ್ನು ಪರದೆಯ ಮೇಲೆ ತೋರಿಸುತ್ತದೆ. ಬೆಂಗಳೂರಿನ ಬಡಾವಣೆಯೊಂದರ ಹೊಂಗೆಮರದಿಂದ ಬರುವ ‘ಟುವ್ವಿ ಟುವ್ವಿ’ ಎಂಬ ಗಟ್ಟಿ ದನಿ ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಸಿಂಪಿಗನದೆಂದು ತಿಳಿದಾಗ ಯಾರಿಗಾದರೂ ಅಚ್ಚರಿಯಾದೀತು. ‘ಟುಕ್ ಟುಕ್’ ಎನ್ನುವ ಕಂಚುಕುಟಿಗನ ಹೆಸರು ಸಿಕ್ಕರೂ ಹಕ್ಕಿ ಸಿಗುವುದು ಸುಲಭವಲ್ಲ. ಅದು ಕೊಕ್ಕು ಮುಚ್ಚಿಕೊಂಡು, ಗಂಟಲುಬ್ಬಿಸಿ ಕೂಗುತ್ತದೆ. ಮರದ ತುದಿಯ ಬೋಳು ಕೊಂಬೆಗಳತ್ತ ಕಣ್ಣಾಡಿಸಬೇಕು. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬಂದು ಬೇಲಿ, ಪೊದೆ, ಮರಗಳಲ್ಲಿ ಸುಳಿದಾಡುವ ಉಲಿಯಕ್ಕಿಗಳ ವಿಷಯದಲ್ಲಂತೂ ಈ ಆ್ಯಪಿನ ನೆರವು ಅಮೂಲ್ಯ. ಮಾಸಲು ಬಣ್ಣದ ಆ ಹಕ್ಕಿಗಳು ನೋಡಲು ಒಂದೇ ರೀತಿ ಇದ್ದರೂ ಅವುಗಳ ಕರೆ ಬೇರೆ ಬೇರೆ.

ಆದರೆ ಪರದೆಯ ಮೇಲೆ ಮೂಡಿದ ಹೆಸರನ್ನು ಸುಳಿವೆಂದಷ್ಟೇ ಎಣಿಸಬೇಕು. ಕಾಜಾಣವು ಬಿಜ್ಜು ಎಂಬ ಬೇಟೆಹಕ್ಕಿಯ ಕೂಗನ್ನು ಅನುಕರಿಸುವುದರಲ್ಲಿ ನಿಸ್ಸೀಮ. ಅಂಥ ಕಡೆ ಮನುಷ್ಯರಂತೆ ಯಂತ್ರವೂ ಮೋಸಹೋಗಬಹುದು. ವಾಹನಗಳ ಗದ್ದಲ ಏಳುವ ಮುನ್ನ ಬಳಸಿದರೆ ಫಲಿತಾಂಶ ಚೆನ್ನಾಗಿರುತ್ತದೆ. ದನಿಯಿಲ್ಲದೆ ಕಣ್ಣಿಗಷ್ಟೇ ಬಿದ್ದ ಹಕ್ಕಿಯಾದರೆ ಅದರ ಗಾತ್ರ, ಬಣ್ಣ, ಏನು ಮಾಡುತ್ತಿತ್ತು ಎಂಬುದನ್ನು ತಿಳಿಸಿ ಸಂಭವನೀಯ ಹೆಸರುಗಳ ಪಟ್ಟಿ ಪಡೆಯಬಹುದು. ನಿಧಾನವೆನಿಸಿದರೂ ಹೊಸಬರಿಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ, ಏಕೆಂದರೆ ಇಲ್ಲಿ ಉತ್ತರ ಬೇಕಾದರೆ ಹಕ್ಕಿಯನ್ನು ಸರಿಯಾಗಿ ನೋಡಿರಲೇಬೇಕು.

ಆ್ಯಪಿನಲ್ಲಿ ಹಕ್ಕಿಗಳ ಕೂಗಿನ ಮುದ್ರಿಕೆಗಳೂ ಇವೆ. ಅವನ್ನು ಇಯರ್‌ಫೋನ್ ಹಾಕಿಕೊಂಡೇ ಕೇಳುವುದು ಒಳ್ಳೆಯದು. ಬೇಸಿಗೆಯಲ್ಲಿ ಅಂಗಳದಲ್ಲಿ ಗಟ್ಟಿಯಾಗಿ ಹಾಕಿದರೆ, ತನ್ನ ಸರಹದ್ದಿಗೆ ಮತ್ತೊಂದು ಗಂಡು ನುಗ್ಗಿದೆಯೆಂದು ಭಾವಿಸುವ ಮಡಿವಾಳ ಹಕ್ಕಿಯು ಮರಿಗಳಿಗೆ ಉಣಿಸುವುದನ್ನು ಬಿಟ್ಟು ಆ ಫೋನಿನ ಸುತ್ತ ಸುಳಿದಾಡುತ್ತದೆ.