ಮಬ್ಬುಗತ್ತಲು ಮತ್ತು ಮಳೆಗೆ ಯಾವ ಬೈನಾಕ್ಯುಲರ್? ಆರು ಜೋಡಿಗಳ ಹೋಲಿಕೆ

ನಡುಹಗಲಲ್ಲಿ ಯಾವ ಬೈನಾಕ್ಯುಲರ್ ಹಿಡಿದರೂ ಚೆನ್ನಾಗಿಯೇ ಕಾಣುತ್ತದೆ. ಒಂದರ ಬೆಲೆ ಇನ್ನೊಂದರ ಐದು ಪಟ್ಟು ಯಾಕೆ ಎಂಬುದು ಟ್ಯೂಬ್‌ಲೈಟಿನ ಕೆಳಗೆ ತಿಳಿಯುವುದಿಲ್ಲ. ತಿಳಿಯುವುದು ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಕಳೆದ ಮೇಲೆ; ಮಳೆ ಹನಿಯುತ್ತಿದ್ದರೆ ಇನ್ನೂ ಬೇಗ. ಗೂಬೆ ಪೊಟರೆಯಿಂದ ತಲೆ ಹೊರಹಾಕುವುದು, ನತ್ತಿಂಗ ಹಕ್ಕಿ ನೆಲ ಬಿಟ್ಟು ಏಳುವುದು, ಜಿಂಕೆ ಮರಗಳ ಅಂಚಿಗೆ ಬರುವುದು ಎಲ್ಲವೂ ಆ ಹೊತ್ತಿನಲ್ಲೇ. ಹಾಗಾಗಿ ಈ ಹೋಲಿಕೆಯಲ್ಲಿ ಹಗಲಿನ ನೋಟವನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಪಕ್ಕಪಕ್ಕ ಇಟ್ಟು ನೋಡಿದ್ದು ಆರು ಜೋಡಿ (ಮೊದಲ ಅಂಕಿ ವರ್ಧನೆ, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು; ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿ.ಮೀ.ಗಳಲ್ಲಿ): 8×32, 10×42, 8×42 ಎರಡು (ಒಂದು ಅಗ್ಗದ್ದು, ಇನ್ನೊಂದು ಗಾಜಿನ ಮೇಲೆ ಪ್ರತಿಫಲನ ತಡೆಯುವ ಒಳ್ಳೆಯ ಕೋಟಿಂಗ್ ಇರುವುದು), 8×56, ಮತ್ತು ಹಡಗುಗಳಲ್ಲಿ ಬಳಸುವ ಬಗೆಯ 7×50. ಮೊದಲ ಐದೂ ನೇರ ಕೊಳವೆಯ ರೂಫ್ ಪ್ರಿಸಂನವು, ಕೊನೆಯದು ಹೆಗಲು ಅಗಲವಾಗಿರುವ ಪೋರೋ ಪ್ರಿಸಂನದು. ಪ್ರಿಸಂ ಎಂದರೆ ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಒಳಗಿನ ಗಾಜಿನ ತುಂಡು. ಮರದ ನೆರಳಲ್ಲಿ ಅರವತ್ತು ಮೀಟರ್ ದೂರಕ್ಕೆ ಒಂದು ಕಂದು ರಟ್ಟನ್ನು ನಿಲ್ಲಿಸಿ, ಅದರ ಮೇಲೆ 20 ಮಿ.ಮೀ. ದಪ್ಪದಿಂದ 3 ಮಿ.ಮೀ.ವರೆಗಿನ ಬೂದು ಗೆರೆಗಳನ್ನು ಎಳೆದೆವು. ಬಿಳಿಯ ಮೇಲೆ ಕಪ್ಪು ಗೆರೆ ಈ ಕೆಲಸಕ್ಕೆ ಬರುವುದಿಲ್ಲ. ಅದು ಕಳಪೆ ಗಾಜಿನಲ್ಲೂ ಎದ್ದು ಕಾಣುತ್ತದೆ. ಸಂಜೆಯ ಹೊತ್ತಿನ ಪ್ರಾಣಿಯ ಮೈಬಣ್ಣಕ್ಕೂ ಅದರ ಹಿಂದಿನ ಪೊದೆಗೂ ಅಷ್ಟು ಅಂತರ ಇರುವುದಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬಿಟ್ಟು, ಮೊಬೈಲ್ ಪರದೆಯನ್ನು ಒಮ್ಮೆಯೂ ನೋಡದೆ, ಮೊದಲು ಟ್ರೈಪಾಡ್ ಮೇಲೆ, ಆಮೇಲೆ ಕೈಯಲ್ಲಿ ಹಿಡಿದು ನೋಡಿದ್ದು. ಎರಡೂ ಬೇಕು. ಟ್ರೈಪಾಡ್ ಗಾಜಿನ ಗುಣವನ್ನು ಹೇಳುತ್ತದೆ, ಕೈ ಬಳಕೆಯ ಸತ್ಯವನ್ನು ಹೇಳುತ್ತದೆ.

ಬೆಳಕಿನ ಬಿಲ್ಲೆಯ ಲೆಕ್ಕ

ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಐಪೀಸಿನಿಂದ (ಕಣ್ಣಿಗೆ ಹಿಡಿಯುವ ಮಸೂರದಿಂದ) ಹೊರಬರುವ ಬೆಳಕಿನ ಕಟ್ಟಿನ ದಪ್ಪ ಸಿಗುತ್ತದೆ. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಬೈನಾಕ್ಯುಲರನ್ನು ಮುಖದಿಂದ ಒಂದಡಿ ದೂರ ಹಿಡಿದು ಆಕಾಶದ ಕಡೆ ತಿರುಗಿಸಿದರೆ ಐಪೀಸಿನ ನಡುವೆ ಕಾಣುವ ಬೆಳ್ಳನೆಯ ಬಿಲ್ಲೆಯೇ ಅದು. 8×32ರಲ್ಲಿ ಈ ಬಿಲ್ಲೆ 4 ಮಿ.ಮೀ., 10×42ರಲ್ಲಿ 4.2, 8×42ರಲ್ಲಿ 5.25, 8×56ರಲ್ಲಿ 7, 7×50ರಲ್ಲಿ 7.1. ಹೊಳಪು ನಿರ್ಧಾರವಾಗುವುದು ಬಿಲ್ಲೆಯ ವಿಸ್ತೀರ್ಣದಿಂದ, ಅಂದರೆ ವ್ಯಾಸದ ವರ್ಗದಿಂದ. 8×42ರ ಹೊಳಪನ್ನು ನೂರು ಎಂದುಕೊಂಡರೆ, ಅದೇ ಗಾಜಿನ 10×42 ಕೊಡುವುದು 64, 8×32 ಕೊಡುವುದು 58. 8×56 ಕೊಡಬಲ್ಲದ್ದು 178. ಕೊಡಬಲ್ಲದ್ದು ಎಂದದ್ದು ಬೇಕೆಂದೇ, ಯಾಕೆಂದರೆ ಅಷ್ಟನ್ನೂ ತೆಗೆದುಕೊಳ್ಳಲು ಕಣ್ಣಿನ ಪಾಪೆ 7 ಮಿ.ಮೀ.ಗೆ ಅರಳಬೇಕು.

ಹರೆಯದವರಲ್ಲಿ ಕತ್ತಲಲ್ಲಿ ಪಾಪೆ 7 ಮಿ.ಮೀ.ವರೆಗೂ ಅರಳುತ್ತದೆ. ಐವತ್ತು ದಾಟಿದ ಅನೇಕರಲ್ಲಿ ಅದು 5ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅಂಥ ಕಣ್ಣಿಗೆ ಒಳ್ಳೆಯ 8×42 ಮತ್ತು 8×56 ಹೊಳಪಿನಲ್ಲಿ ಒಂದೇ; ಹೆಚ್ಚಿನ ಬೆಳಕು ಪಾಪೆಯ ಸುತ್ತಲ ಬಣ್ಣದ ಪೊರೆಯ ಮೇಲೆ ಬಿದ್ದು ವ್ಯರ್ಥವಾಗುತ್ತದೆ. ಹಾಗಾಗಿ ದೊಡ್ಡ ಮಸೂರಕ್ಕೆ ದುಡ್ಡು ಸುರಿಯುವ ಮೊದಲು ಪಾಪೆಯನ್ನು ಅಳೆಯಿರಿ. ಗಟ್ಟಿ ರಟ್ಟಿನಿಂದ 4, 5, 6, 7 ಮಿ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಕತ್ತಲಲ್ಲಿ ಕಾಲು ಗಂಟೆ ಇದ್ದು, ಒಂದು ಕಣ್ಣು ಮುಚ್ಚಿ, ಪ್ರಕಾಶಮಾನವಾದ ನಕ್ಷತ್ರವೊಂದನ್ನು ನೋಡುತ್ತಾ ಪಟ್ಟಿಯನ್ನು ಕಣ್ಣಿಗೆ ಒಂದೆರಡು ಸೆಂ.ಮೀ. ಮುಂದೆ ನೆಟ್ಟಗೆ ಹಿಡಿಯಿರಿ. ಪಟ್ಟಿ ಪಾಪೆಗಿಂತ ಸಣ್ಣದಾದರೆ ಅಂಚುಗಳಿಂದ ಬೆಳಕು ನುಸುಳಿ ನಕ್ಷತ್ರ ಕಾಣುತ್ತಲೇ ಇರುತ್ತದೆ. ಯಾವ ಪಟ್ಟಿಗೆ ಅದು ಪೂರ್ತಿ ಮರೆಯಾಗುತ್ತದೋ ಅದರ ಅಗಲವೇ ಹೆಚ್ಚುಕಮ್ಮಿ ಪಾಪೆಯ ಅಳತೆ.

ಇನ್ನೊಂದು ಅಂಕಿಯಿದೆ, ಟ್ವೈಲೈಟ್ ಫ್ಯಾಕ್ಟರ್. ವರ್ಧನೆಯನ್ನೂ ವ್ಯಾಸವನ್ನೂ ಗುಣಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. 8×56ಕ್ಕೆ 21.2. ಆದರೆ 18×25 ಎಂಬ ಜೇಬಿನ ಬೈನಾಕ್ಯುಲರಿಗೂ ಅದೇ ಸೂತ್ರದಿಂದ 21.2 ಬರುತ್ತದೆ, ಅದರ ಬಿಲ್ಲೆಯೋ 1.4 ಮಿ.ಮೀ.; ಮುಸ್ಸಂಜೆಗೆ ಅದರಲ್ಲಿ ಕಾಣುವುದು ಬರೀ ಕಪ್ಪು. ಈ ಸಂಖ್ಯೆಯನ್ನು ನಂಬಿ ಏನನ್ನೂ ಕೊಳ್ಳಬೇಡಿ.

ಬೆಳಕು ಇಳಿದಂತೆ ಯಾವುದು ಮೊದಲು ಸೋತಿತು

ಸೂರ್ಯ ಮುಳುಗಿದ ಹೊಸದರಲ್ಲಿ, ಟ್ರೈಪಾಡ್ ಮೇಲೆ, 10×42 ಎಲ್ಲಕ್ಕಿಂತ ಸಣ್ಣ ಗೆರೆಯನ್ನು ಬಿಡಿಸಿ ತೋರಿಸಿತು. ಚಿತ್ರ ದೊಡ್ಡದಾದರೆ ಸ್ವಲ್ಪ ಮಂಕಾದರೂ ವಿವರ ಹೆಚ್ಚು ಕಾಣುತ್ತದೆ. ಬೆಳಕು ಇನ್ನಷ್ಟು ಇಳಿದಾಗ ಈ ಲಾಭ ಕರಗಿತು. ಒಳ್ಳೆಯ 8×42 ಮೊದಲು ಅದರ ಸಮಕ್ಕೆ ಬಂದು, ಆಮೇಲೆ ಮುಂದೆ ಹೋಯಿತು. ಕೈಯಲ್ಲಿ ಹಿಡಿದಾಗ ಈ ಅದಲುಬದಲು ಇನ್ನೂ ಬೇಗ ಆಯಿತು, ಯಾಕೆಂದರೆ ಹತ್ತು ಪಟ್ಟು ವರ್ಧನೆ ಕೈನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ತೊಯ್ದ ಬಟ್ಟೆಯಲ್ಲಿ ಚಳಿಗಾಳಿಗೆ ನಿಂತಾಗ ಕೈ ನಡುಗದೆ ಇರುವುದಿಲ್ಲ. ಎಲ್ಲ ಕಾಲಕ್ಕೂ ಒಂದೇ ಜೋಡಿ ಎಂದು 10×42 ಕೊಳ್ಳುವವರು ಮುಸ್ಸಂಜೆಯ ಈ ಕೊನೆಯ ಹೊತ್ತನ್ನು ಕಳೆದುಕೊಳ್ಳುತ್ತಾರೆ.

8×32 ನಿರೀಕ್ಷೆಯಂತೆ ಬೇಗ ಕೈಬಿಟ್ಟಿತು. ಹಗುರ, ಸುಮಾರು ಅರ್ಧ ಕಿಲೋ, ದಿನವಿಡೀ ಕೊರಳಲ್ಲಿದ್ದರೂ ಭಾರವೆನಿಸದು. ಆದರೆ ಈ ಕೆಲಸಕ್ಕಲ್ಲ.

ಹೆಚ್ಚು ಕಲಿಸಿದ್ದು ಎರಡು 8×42ಗಳ ನಡುವಿನ ಅಂತರ. ಮೇಲೆ ಬರೆದ ಸಂಖ್ಯೆ ಒಂದೇ, ಬಿಲ್ಲೆ ಒಂದೇ. ಆದರೂ ಅಗ್ಗದ್ದು 8×32ರ ಜೊತೆಜೊತೆಗೇ ಸೋತಿತು. ಕಾರಣ ಒಳಗಿದೆ. ಕೋಟಿಂಗ್ ಇಲ್ಲದ ಗಾಜಿನ ಪ್ರತಿ ಮುಖವೂ ತನ್ನ ಮೇಲೆ ಬಿದ್ದ ಬೆಳಕಿನ ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಕೊಳವೆಯಲ್ಲಿ ಇಂಥ ಹನ್ನೆರಡು ಮುಖಗಳಿದ್ದರೆ ಕೊನೆಗೆ ಉಳಿಯುವುದು ಶೇ. 61. ಪ್ರತಿ ಮುಖಕ್ಕೂ ಒಂದು ಪದರದ ಕೋಟಿಂಗ್ ಇದ್ದು ನಷ್ಟ ಶೇ. ಒಂದೂವರೆಗೆ ಇಳಿದರೆ ಶೇ. 83. ಎಲ್ಲ ಮುಖಗಳಿಗೂ ಬಹುಪದರ ಇದ್ದು ನಷ್ಟ ಶೇ. ಅರ್ಧಕ್ಕೆ ಇಳಿದರೆ ಶೇ. 94. ಮಸೂರ ತಯಾರಿಸುವ ಜರ್ಮನಿಯ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಈ ಪ್ರತಿಫಲನ ತಡೆಯುವ ಪದರವನ್ನು ರೂಪಿಸಿದ್ದು; ಅಂದಿನಿಂದ ಇಂದಿನವರೆಗೂ ಮುಸ್ಸಂಜೆಯ ಗಾಜಿನ ಬೆಲೆ ನಿಂತಿರುವುದು ಇದರ ಮೇಲೆಯೇ. ಡಬ್ಬಿಯ ಮೇಲೆ ‘ಕೋಟೆಡ್’ ಎಂದಷ್ಟೇ ಇದ್ದರೆ ಯಾವುದೋ ಒಂದೆರಡು ಮುಖಗಳಿಗೆ ಮಾತ್ರ ಎಂದರ್ಥ. ‘ಮಲ್ಟಿ ಕೋಟೆಡ್’ ಕೂಡ ಸಾಲದು. ‘ಫುಲ್ಲಿ ಮಲ್ಟಿ ಕೋಟೆಡ್’ ಎಂದಿರಬೇಕು.

ರೂಫ್ ಪ್ರಿಸಂನಲ್ಲಿ ಇನ್ನೂ ಒಂದು ತೊಡಕಿದೆ. ಸಾಮಾನ್ಯವಾಗಿ ಬಳಸುವ ಶ್ಮಿಟ್-ಪೆಕಾನ್ ಪ್ರಿಸಂನ ಒಂದು ಮುಖ ತಾನಾಗಿ ಬೆಳಕನ್ನು ಪೂರ್ತಿ ತಿರುಗಿಸುವುದಿಲ್ಲ, ಅಲ್ಲಿ ಕನ್ನಡಿಯ ಲೇಪ ಬೇಕು. ಅಲ್ಯೂಮಿನಿಯಂ ಲೇಪವಾದರೆ ಅಲ್ಲೇ ಹತ್ತನೇ ಒಂದು ಪಾಲಿನಷ್ಟು ಬೆಳಕು ಹೋಯಿತು. ಬೆಳ್ಳಿಯದಾದರೆ ನಷ್ಟ ಅದರ ಅರ್ಧದಷ್ಟು. ಲೋಹವಿಲ್ಲದೆ ಹಲವು ತೆಳು ಪದರಗಳಿಂದ ಮಾಡಿದ ಡೈಎಲೆಕ್ಟ್ರಿಕ್ ಲೇಪವಾದರೆ ಶೇ. 1ಕ್ಕೂ ಕಡಿಮೆ. ಇದರ ಜೊತೆ ಫೇಸ್ (phase, ಬೆಳಕಿನ ಅಲೆಯ ಹಂತ) ಕೋಟಿಂಗ್ ಇರಲೇಬೇಕು. ರೂಫ್ ಪ್ರಿಸಂ ಬೆಳಕನ್ನು ಎರಡು ಪಾಲು ಮಾಡಿ ಮತ್ತೆ ಕೂಡಿಸುವಾಗ ಅಲೆಗಳು ತುಸು ಹಿಂದುಮುಂದಾಗಿ ಚಿತ್ರ ಮೆತ್ತಗಾಗುತ್ತದೆ. 1988ರಲ್ಲಿ ಜೈಸ್ ತಂದ ಈ ಲೇಪ ಅದನ್ನು ಸರಿಪಡಿಸುತ್ತದೆ. ಪೋರೋ ಪ್ರಿಸಂಗೆ ಈ ಎರಡು ಲೇಪಗಳೂ ಬೇಕಿಲ್ಲ. ಆದ್ದರಿಂದಲೇ ಕಡಿಮೆ ಬೆಲೆಯಲ್ಲಿ ಪೋರೋ ಯಾವತ್ತೂ ರೂಫ್‌ಗಿಂತ ಹೊಳಪು.

ಕೊನೆಗೆ ಉಳಿದದ್ದು 8×56 ಮತ್ತು 7×50. ಹೊಳಪಿನಲ್ಲಿ ಎರಡಕ್ಕೂ ಹೇಳಿಕೊಳ್ಳುವ ಅಂತರವಿಲ್ಲ. ಚಿತ್ರ ಸ್ವಲ್ಪ ದೊಡ್ಡದಾದ್ದರಿಂದ ಗೆರೆ ಬಿಡಿಸುವುದರಲ್ಲಿ 8×56 ಮೇಲು. ಒಳ್ಳೆಯ 8×56ಗಳಲ್ಲಿ ಅಬ್ಬೆ-ಕೋನಿಗ್ ಪ್ರಿಸಂ ಇರುತ್ತದೆ, ಅದಕ್ಕೆ ಕನ್ನಡಿ ಲೇಪವೇ ಬೇಕಿಲ್ಲ; ಕೊಳವೆ ಮಾತ್ರ ಉದ್ದವಾಗುತ್ತದೆ. ತೂಕ ಒಂದು ಕಿಲೋ ದಾಟುತ್ತದೆ, ಅಗಲವಾದ ಪಟ್ಟಿ ಅಥವಾ ಭುಜದ ಹಾರ್ನೆಸ್ ಇಲ್ಲದೆ ಹೊರಲಾಗದು. 7×50 ಕೂಡ ಅಷ್ಟೇ ಭಾರ. ಅದರ ಎರಡು ಐಪೀಸುಗಳನ್ನೂ ಬೇರೆ ಬೇರೆಯಾಗಿ ತಿರುಗಿಸಿ ಫೋಕಸ್ ಮಾಡಬೇಕು. ದೂರಕ್ಕೆ ಒಮ್ಮೆ ಹೊಂದಿಸಿದರೆ ಸಾಕು, ಆಮೇಲೆ ಮುಟ್ಟುವ ಕೆಲಸವಿಲ್ಲ. ಆದರೆ ಹದಿನೈದು ಮೀಟರ್ ದೂರದ ಕೊಂಬೆಗೆ ಹಕ್ಕಿ ಬಂದು ಕೂತರೆ ಎರಡನ್ನೂ ತಿರುಗಿಸುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಬಯಲು, ಕೆರೆ, ಕಡಲಿಗೆ 7×50. ಮರಗಳ ನಡುವೆ 8×56.

ಒಂದು ಎಚ್ಚರಿಕೆ: ಕತ್ತಲಲ್ಲಿ ಪಾಪೆ ಅರಳಿದಾಗ ಫೋಕಸಿನ ಹಿಡಿತ ತೆಳುವಾಗುತ್ತದೆ, ಜೊತೆಗೆ ಅನೇಕರ ಕಣ್ಣು ಕತ್ತಲಲ್ಲಿ ಸ್ವಲ್ಪ ಸಮೀಪದೃಷ್ಟಿಗೆ ವಾಲುತ್ತದೆ. ಹಗಲಲ್ಲಿ ಹೊಂದಿಸಿದ ಫೋಕಸನ್ನು ಮುಸ್ಸಂಜೆಯಲ್ಲಿ ಮತ್ತೆ ನೋಡಿಕೊಳ್ಳಬೇಕು. ಗಾಜು ಮಂಕಾಯಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ನೀರು ಒಳಗೆ, ಆವಿ ಹೊರಗೆ

ಹತ್ತು ನಿಮಿಷ ಶವರ್ ಕೆಳಗೆ ಹಿಡಿದಾಗ ಯಾವುದರೊಳಗೂ ಕಣ್ಣಿಗೆ ಕಾಣುವಂತೆ ನೀರು ಹೋಗಲಿಲ್ಲ. ದೋಷ ಹೊರಬಿದ್ದದ್ದು ಫ್ರಿಜ್ ಪರೀಕ್ಷೆಯಲ್ಲಿ. ಶವರ್ ಆದ ಮೇಲೆ ಒರೆಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಹೊರತೆಗೆದರೆ ಎಲ್ಲ ಗಾಜುಗಳ ಮೇಲೂ ಹೊರಗಿನಿಂದ ಆವಿ ಕಟ್ಟುತ್ತದೆ. ಅದನ್ನು ಒರೆಸಿದ ಮೇಲೂ ಮಂಜು ಉಳಿದರೆ ಅದು ಒಳಗಿನದು. ಅಗ್ಗದ 8×42ರ ಎಡ ಕೊಳವೆಯಲ್ಲಿ ಹೀಗೆ ಮಂಜು ಉಳಿಯಿತು. ಅದರ ಮೇಲೆ ಬರೆದದ್ದು ‘ವಾಟರ್ ರೆಸಿಸ್ಟೆಂಟ್’, ಅಂದರೆ ತುಂತುರು ತಡೆಯುತ್ತದೆ ಎಂದಷ್ಟೇ. ‘ವಾಟರ್‌ಪ್ರೂಫ್’ ಬೇರೆ, ‘ಫಾಗ್‌ಪ್ರೂಫ್’ ಬೇರೆ. ಓ-ರಿಂಗ್ ಎಂಬ ರಬ್ಬರ್ ಬಳೆ ಹಾಕಿ ಮುಚ್ಚಿದರೆ ನೀರು ಬಾರದು. ಆದರೆ ಒಳಗೆ ತೇವದ ಗಾಳಿಯೇ ಉಳಿದಿದ್ದರೆ ಚಳಿಗೆ ಅದೇ ಹನಿಗಟ್ಟುತ್ತದೆ. ಅದಕ್ಕಾಗಿ ಗಾಳಿ ತೆಗೆದು ಒಣ ನೈಟ್ರೋಜನ್ ಅಥವಾ ಆರ್ಗಾನ್ ತುಂಬುತ್ತಾರೆ. ಐಪಿಎಕ್ಸ್7 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ ಎಂದು. ಐಪಿಎಕ್ಸ್4 ಎಂದರೆ ಎರಚಲಿಗೆ ಮಾತ್ರ.

ಪೋರೋಗಳಲ್ಲಿ ನಡುವಿನ ಚಕ್ರ ತಿರುಗಿಸಿದಾಗ ಐಪೀಸುಗಳು ಹಿಂದೆ ಮುಂದೆ ಸರಿಯುವ ಬಗೆಯಿದ್ದರೆ ಮಳೆಗೆ ಬೇಡ. ಪ್ರತಿ ಸಲ ಸರಿದಾಗಲೂ ಅದು ಪಂಪಿನಂತೆ ಹೊರಗಿನ ಒದ್ದೆ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ರೂಫ್ ಪ್ರಿಸಂಗಳಲ್ಲಿ ಚಲಿಸುವ ಮಸೂರ ಒಳಗೇ ಇರುವುದರಿಂದ ಮುಚ್ಚುವುದು ಸುಲಭ. ಬಿಡಿ ಫೋಕಸಿನ 7×50ಯಲ್ಲಿ ಐಪೀಸು ಗ್ರೀಸ್ ಹಚ್ಚಿದ ಮರೆಯಲ್ಲೇ ತಿರುಗುತ್ತದೆ. ನೀರಿನ ವಿಷಯದಲ್ಲಿ ಆರರಲ್ಲಿ ಹೆಚ್ಚು ನೆಚ್ಚಬಹುದಾದದ್ದು ಅದೇ.

ಬಳಕೆಯಲ್ಲಿ ಕಾಡುವುದು ಮಾತ್ರ ಒಳಗಿನ ನೀರಲ್ಲ, ಐಪೀಸಿನ ಮೇಲಿನ ಹನಿ. ಮುಂದಿನ ಮಸೂರದ ಮೇಲೆ ನಾಲ್ಕು ಹನಿ ಬಿದ್ದರೆ ಚಿತ್ರ ತುಸು ಮಸುಕಾಗುತ್ತದೆ ಅಷ್ಟೇ. ಐಪೀಸಿನ ಮೇಲೆ ಒಂದು ಹನಿ ಬಿದ್ದರೆ ಸಣ್ಣಗಾಗಿ ಕಣ್ಣಿಗೆ ಬರುವ ಬೆಳಕಿನ ಕಟ್ಟಿಗೇ ಅದು ಅಡ್ಡ ಬಂದು ನೋಟವೇ ಕೆಡುತ್ತದೆ. ಬೈನಾಕ್ಯುಲರ್ ಕೊರಳಲ್ಲಿ ತೂಗುವಾಗ ಐಪೀಸು ಆಕಾಶಕ್ಕೆ ಮುಖ ಮಾಡಿರುತ್ತದೆ ಎಂಬುದನ್ನು ಮರೆಯಬೇಡಿ. ಜೊತೆಗೆ ಬರುವ ರಬ್ಬರಿನ ರೇನ್‌ಗಾರ್ಡನ್ನು (ಐಪೀಸಿನ ಮುಚ್ಚಳವನ್ನು) ಒಂದು ಬದಿಯ ಪಟ್ಟಿಗೆ ಮಾತ್ರ ಪೋಣಿಸಿ. ಎರಡೂ ಬದಿಗೆ ಪೋಣಿಸಿದರೆ ಎತ್ತಿದಾಗ ಮುಖಕ್ಕೆ ಅಡ್ಡ ಬರುತ್ತದೆ. ಬಿಗಿಯಾಗಿ ಕೂರುವುದು ಬೇಡ, ಒಂದೇ ಬೆರಳಿಗೆ ಬಿಡಬೇಕು. ನೀರು ಜಾರುವ ಹೈಡ್ರೋಫೋಬಿಕ್ ಲೇಪವಿದ್ದ ಒಳ್ಳೆಯ 8×42ರಲ್ಲಿ ಹನಿಗಳು ಗುಂಡಗೆ ನಿಂತು ಒಂದು ಒದರಿಗೆ ಉದುರಿದವು. ಲೇಪವಿಲ್ಲದವುಗಳಲ್ಲಿ ಹರಡಿ ನಿಂತವು. ಕೋಟಿಂಗ್ ಮತ್ತು ಪ್ರಿಸಂ ಲೇಪದ ನಂತರ ದುಡ್ಡು ಮಿಕ್ಕರೆ ಇದಕ್ಕೆ ಕೊಡಬಹುದು.

ಐಪೀಸಿಗೆ ಆವಿ ಕಟ್ಟುವುದು ಉಸಿರಿನಿಂದ, ಬೆವರಿದ ಮುಖದಿಂದ. ಐಕಪ್ಪನ್ನು (ಐಪೀಸಿನ ಸುತ್ತ ಮೇಲೆ ಕೆಳಗೆ ಸರಿಯುವ ಬಳೆಯನ್ನು) ಒಂದು ಹಲ್ಲು ಕೆಳಗಿಳಿಸಿ ಗಾಳಿ ಆಡಲು ಬಿಟ್ಟರೆ ಬೇಗ ಬಿಡುತ್ತದೆ. ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ಚಿತ್ರ ಕಾಣಲು ಕಣ್ಣು ಐಪೀಸಿನಿಂದ ಇರಬಹುದಾದ ದೂರ) 16 ಮಿ.ಮೀ.ಗಿಂತ ಕಡಿಮೆ ಇರುವುದನ್ನು ಕೊಳ್ಳಲೇಬಾರದು, ಅಂಚು ಪೂರ್ತಿ ಕತ್ತರಿಸಿಹೋಗುತ್ತದೆ.

ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು

ಟಾರ್ಚ್ ಒಯ್ಯಿರಿ. ಫೋಕಸನ್ನು ದೂರಕ್ಕೆ ಇಟ್ಟು, ತುಸು ದೂರದಿಂದ ಐಪೀಸಿನೊಳಗೆ ಬೆಳಕು ಬಿಟ್ಟು, ಮುಂದಿನ ಮಸೂರದೆದುರು ಹಿಡಿದ ಕಾಗದದ ಮೇಲೆ ಬೀಳುವ ವೃತ್ತವನ್ನು ಅಳೆಯಿರಿ. 42 ಎಂದು ಬರೆದದ್ದರಲ್ಲಿ ವೃತ್ತ 36 ಮಿ.ಮೀ. ಬಂದರೆ ಒಳಗೆ ಎಲ್ಲೋ ತಡೆಯಿದೆ, ಬೆಲೆ ಕೊಡುವುದು ಇಲ್ಲದ ಗಾಜಿಗೆ. ಮುಂದಿನ ಮಸೂರದಲ್ಲಿ ದೀಪದ ಪ್ರತಿಬಿಂಬಗಳನ್ನು ನೋಡಿ: ಹಸಿರು, ನೇರಳೆ ಛಾಯೆ ಇದ್ದರೆ ಕೋಟಿಂಗ್ ಇದೆ, ಅಚ್ಚ ಬಿಳಿಯದೊಂದು ಕಂಡರೆ ಒಂದು ಮುಖ ಬರಿದಾಗಿದೆ. ಪೋರೋದಲ್ಲಿ ಬೆಳಕಿನ ಬಿಲ್ಲೆ ದುಂಡಗಿರದೆ ಅಂಚುಗಳು ಬೂದಾಗಿ ಚೌಕವೆನಿಸಿದರೆ ಪ್ರಿಸಂ ಒಳ್ಳೆಯ ಬ್ಯಾಕ್-4 ಗಾಜಿನದಲ್ಲ, ಅಗ್ಗದ ಬಿಕೆ-7 ಗಾಜಿನದು. ಬಿಲ್ಲೆಯ ಸುತ್ತ ಪೂರ್ತಿ ಕಪ್ಪಿರಬೇಕು. ಅಲ್ಲಿ ಬಿಳಿ ಅರ್ಧಚಂದ್ರಗಳು ಹೊಳೆದರೆ ಪಾಪೆ ಅರಳಿದ ಹೊತ್ತಿನಲ್ಲಿ ಅವೂ ಕಣ್ಣಿಗೆ ಬಂದು ಚಿತ್ರದ ಮೇಲೆ ಮಂಜಿನ ತೆರೆ ಎಳೆಯುತ್ತವೆ.

ಒಂದೇ ಜೋಡಿ ಕೊಳ್ಳುವವರಿಗೆ ನಮ್ಮ ಆಯ್ಕೆ ಡೈಎಲೆಕ್ಟ್ರಿಕ್ ಮತ್ತು ಫೇಸ್ ಲೇಪವಿರುವ, ನೈಟ್ರೋಜನ್ ತುಂಬಿದ 8×42. ತೂಕ ಮುಕ್ಕಾಲು ಕಿಲೋ ಒಳಗೆ. ರಟ್ಟಿನ ಪಟ್ಟಿಯಲ್ಲಿ ಪಾಪೆ 6ಕ್ಕಿಂತ ಹೆಚ್ಚು ಬಂದು, ಕೂತಲ್ಲೇ ಕಾಯುವ ಅಭ್ಯಾಸವಿದ್ದರೆ 8×56. ಹಣ ಕಡಿಮೆಯಿದ್ದರೆ ಅಗ್ಗದ ರೂಫ್ ಬದಲು ಬಿಡಿ ಫೋಕಸಿನ 7×50.

ಮಳೆಯಿಂದ ಬಂದ ಮೇಲೆ ಮಣ್ಣಿನ ಕಣಗಳನ್ನು ಮೊದಲು ಊದಿ ತೆಗೆದು, ಆಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರು ಹೀರಿಸಿ. ಅಂಗಿಯ ಅಂಚಿನಿಂದ ಉಜ್ಜಿದರೆ ಕೋಟಿಂಗ್ ಗೀಚುತ್ತದೆ. ಮುಚ್ಚಳ ತೆಗೆದು ನೆರಳಲ್ಲಿ ಒಂದು ರಾತ್ರಿ ಆರಲು ಬಿಡಿ. ಒಲೆ, ಹೀಟರ್ ಹತ್ತಿರ ಬೇಡ, ಗ್ರೀಸ್ ಕರಗಿ ಒಳಗಿನ ಗಾಜಿಗೆ ಹರಿಯುತ್ತದೆ. ಆಮೇಲೆ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಗೆ ಹಾಕಿ, ತೇವಾಂಶ ಶೇ. 40ರಿಂದ 50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿಯಾದಾಗ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ತೇವ ಹಿಡಿದ ಚರ್ಮದಲ್ಲಿ ಬೂಷ್ಟು ಬೇಗ ಹುಟ್ಟುತ್ತದೆ, ಅಲ್ಲಿಂದ ಗಾಜಿಗೆ ಹತ್ತಿದರೆ ಜೇಡನ ಬಲೆಯಂತೆ ಹರಡಿ ಕೋಟಿಂಗನ್ನೇ ಕೊರೆಯುತ್ತದೆ, ಆಮೇಲೆ ಎಷ್ಟು ಒರೆಸಿದರೂ ಆ ಗುರುತು ಹೋಗುವುದಿಲ್ಲ.